ನೂರು ವ್ಯಾಟಿನ ಬಲ್ಬು

ಜನವರಿ 12

ಮೈದುನನಿಗೆ,

ಫೋನು ಮಾಡಬೇಡ ಎಂದು ಹೇಳಿದ ಮೇಲೂ ಮಾಡುತ್ತಿದ್ದೀಯ. ನಿನ್ನ ದನಿ ಕೇಳಿದರೆ ಸೂಜಿಗೆ ದಾರ ಪೋಣಿಸಲು ನನ್ನ ಕೈ ನಿಲ್ಲುವುದಿಲ್ಲ. ಹೇಳುವುದೇನಾದರೂ ಇದ್ದರೆ ಕಾಗದ ಬರೆ, ಅದೂ ನನ್ನ ಹೊಲಿಗೆ ಅಂಗಡಿಯ ವಿಳಾಸಕ್ಕೆ. ಮನೆಗೆ ಬರೆದರೆ ನಿಮ್ಮಣ್ಣ ನೋಡುತ್ತಾರೆ. ಒಂದೇ ಕಣ್ಣಿನಲ್ಲಿ ನಿನ್ನ ಕೋಳಿ ಕಾಲಿನ ಅಕ್ಷರ ಓದುವ ಕರ್ಮ ಅವರಿಗೆ ಬೇಡ.

ಬಲಗಣ್ಣು ಇನ್ನು ಬರುವುದಿಲ್ಲವೆಂದು ಡಾಕ್ಟರು ಮೊನ್ನೆ ಕಡ್ಡಿ ಮುರಿದಂತೆ ಹೇಳಿಬಿಟ್ಟರು. ಈಗ ಇವರು ಪಡಸಾಲೆಯ ಬೆಂಚಿನ ಮೇಲೆ ಕೂತರೆ ಕೂತರು. ಹಿತ್ತಲಿನ ರಿಪೇರಿ ಕೋಣೆಯ ಬೀಗದ ಕೈ ಮೊಳೆಗೆ ನೇತುಹಾಕಿದ್ದು ಹಾಗೇ ಇದೆ. ಊಟದ ತಟ್ಟೆ ಒಂದು ಕಡೆ, ರೇಡಿಯೊ ಒಂದು ಕಡೆ ಇಟ್ಟುಕೊಂಡು ಕೂರುತ್ತಿದ್ದ ಮನುಷ್ಯ ಆ ಕೋಣೆಯ ಕಡೆ ಮುಖ ಹಾಕುವುದಿಲ್ಲ. ಅವರನ್ನು ಆ ಕೋಣೆಗೆ ಮತ್ತೆ ಕಳಿಸುವುದು ಹೇಗೆಂದು ನನಗೆ ಗೊತ್ತಿಲ್ಲ. ಅವರನ್ನು ಹೊರಗೆ ಹಾಕಿದವನು ಯಾರೆಂದು ಮಾತ್ರ ಗೊತ್ತು.

ಯಾವುದೋ ಹಳೇ ಸಿನೆಮಾ ಮಂದಿರ ಕೆಡವುತ್ತಿದ್ದರೆಂದು ಅಲ್ಲಿನ ಎರಡು ವಾಲ್ವ್ ಆಂಪ್ಲಿಫೈಯರು ಪೆಟ್ಟಿಗೆಗಳನ್ನು ಲಾರಿಗೆ ಹಾಕಿ ಕಳಿಸಿದವನು ನೀನು. ಒಂದಕ್ಕೆ ಇವರು ಕರೆಂಟು ಕೊಟ್ಟರು, ಅದು ಸಿಡಿದು ಕುದಿಯುವ ರಸ ಮುಖಕ್ಕೆ ಹಾರಿತು. ಆಸ್ಪತ್ರೆಯಲ್ಲಿ ಇವರು ಬಾಯಿ ಬಿಟ್ಟು ಹೇಳಿದ ಮೊದಲ ಮಾತೇ ನಿನ್ನ ಬಗ್ಗೆ, "ಸಣ್ಣ ಸರಿಯಿದೆ ಅಂದಿದ್ದ ಕಣೇ, ಅದಕ್ಕೇ ಹಾಕ್ದೆ." ನನಗೆ ಬೇರೆ ಸಾಕ್ಷಿ ಬೇಡ.

ಆದರೆ ಊರಿಗೆ ಬೇಕು. ಅದರ ಜೋಡಿ ಇನ್ನೂ ಕೋಣೆಯಲ್ಲಿ ಹಾಗೇ ಕೂತಿದೆ. ಬೀದಿ ಕೊನೆಯ ಮೋಟಾರು ವೈಂಡಿಂಗಿನವನನ್ನು ಎದುರಿಗೆ ನಿಲ್ಲಿಸಿಕೊಂಡು ಅದರ ಪ್ಲಗ್ಗನ್ನೂ ಗೋಡೆಗೆ ಹಾಕುತ್ತೇನೆ. ಅದೂ ಸಿಡಿದರೆ ನೀನು ಎಂಥ ಕೊಳೆತ ಸರಕು ಕಳಿಸಿದೆಯೆಂದು ನಾಲ್ಕು ಜನಕ್ಕೆ ತಿಳಿಯುತ್ತದೆ. ಆಮೇಲೆ ಎರಡನ್ನೂ ನಿನ್ನ ಬಾಗಿಲ ಮುಂದೆ ಸುರಿಯುತ್ತೇನೆ.

ಅತ್ತಿಗೆ


ಜನವರಿ 19

ಅತ್ತಿಗೆಗೆ,

ಆ ಪ್ಲಗ್ಗನ್ನು ಗೋಡೆಗೆ ಹಾಕಬೇಡಿ. ಮೊದಲು ಇದು, ಜಗಳ ಆಮೇಲೆ.

ಆ ಪೆಟ್ಟಿಗೆಯೊಳಗೆ ಕರೆಂಟು ತುಂಬಿಟ್ಟುಕೊಳ್ಳುವ, ಲೋಟದ ಗಾತ್ರದ ಕೆಪಾಸಿಟರುಗಳಿವೆ. ವರ್ಷಗಟ್ಟಲೆ ಕರೆಂಟು ಕಾಣದೆ ಕೂತರೆ ಅವು ಒಳಗೊಳಗೇ ಸೋಲುತ್ತವೆ. ಇದ್ದಕ್ಕಿದ್ದಂತೆ ಪೂರ್ತಿ ವೋಲ್ಟೇಜು ಬಿಟ್ಟರೆ ಕಾದು, ಉಬ್ಬಿ, ಒಡೆಯುತ್ತವೆ. ಕೊಳೆತ ಸರಕೇ ಆಗಬೇಕೆಂದಿಲ್ಲ. ವರ್ಷಾನುಗಟ್ಟಲೆ ಹಾಸಿಗೆ ಹಿಡಿದವನನ್ನು ಎಬ್ಬಿಸಿ ಮೂಟೆ ಹೊರಿಸಿದರೆ ಒಳ್ಳೆಯ ಆಳೂ ಬೀಳುತ್ತಾನೆ. ಜೋಡಿಯೂ ಸಿಡಿಯಬಹುದು. ಸಿಡಿದರೆ ನಿಮ್ಮ ಮುಖದ ಮೇಲೇ ಸಿಡಿಯುತ್ತದೆ, ನನ್ನ ಮುಖದ ಮೇಲಲ್ಲ. ಲಾರಿ ನಾನೇ ಕಳಿಸುತ್ತೇನೆ, ಎರಡನ್ನೂ ಹತ್ತಿಸಿಬಿಡಿ.

ಅಣ್ಣ ಹಾಗೆ ಹೇಳಿದ್ದರೆ ಹಾಗೇ ಇರಲಿ.

ಇನ್ನು ಜಗಳ. ಆಸ್ಪತ್ರೆಗೆ ನಾನು ಬಂದಿದ್ದೆ. ರಾತ್ರಿಯಿಡೀ ಬಸ್ಸಿನಲ್ಲಿ ನಿಂತು ಬಂದಿದ್ದೆ. ಕಿತ್ತಳೆ ಹಣ್ಣಿನ ಚೀಲ ಹಿಡಿದು ವಾರ್ಡಿನ ಬಾಗಿಲಿಗೆ ಬಂದರೆ ನೀವು ಚೌಕಟ್ಟಿಗೆ ಕೈ ಅಡ್ಡ ಹಿಡಿದಿರಿ. ನರ್ಸು ನೋಡುತ್ತಿದ್ದಳು, ಪಕ್ಕದ ಹಾಸಿಗೆಯವರು ನೋಡುತ್ತಿದ್ದರು. "ಇನ್ನೊಂದು ಕಣ್ಣು ಬೇಕಿತ್ತೇನೋ?" ಎಂದಿರಿ. ಆ ಹಣ್ಣು ಬಸ್ ನಿಲ್ದಾಣದ ಬೆಂಚಿನ ಮೇಲೆ ಬಿಟ್ಟು ಬಂದೆ. ಮದುವೆಯಾಗಿ ಬಂದ ದಿನದಿಂದ 'ಸಣ್ಣ' ಎಂದು ಕರೆದವರು ಈಗ 'ಮೈದುನನಿಗೆ' ಎಂದು ಬರೆಯುತ್ತೀರಿ. ಬರೆಯಿರಿ. ನನಗೇನು ಮೈ ಸವೆಯುವುದಿಲ್ಲ.

ನಿಮ್ಮ ಮೈದುನ


ಜನವರಿ 25

ಮೈದುನನಿಗೆ,

'ಹಾಗೇ ಇರಲಿ' ಅಂತೆ. ಯಾರಪ್ಪನ ಮನೆಯ ಗಂಟು ಹೋದ ಹಾಗೆ ಬರೆದಿದ್ದೀಯ. ಒಬ್ಬನ ಕಣ್ಣು ಹೋಗಿದೆ. ಅದಕ್ಕೆ ನೀನು ಕೊಡುವ ಉತ್ತರ ಎರಡು ಪದ.

ಲಾರಿ ಕಳಿಸುತ್ತೀಯಾ? ಕಳಿಸುತ್ತೀಯ, ಯಾಕೆ ಕಳಿಸುವುದಿಲ್ಲ. ಪೆಟ್ಟಿಗೆ ನಿನ್ನ ಕೈ ಸೇರಿದರೆ ಬಿಚ್ಚಿ, ಒರೆಸಿ, ಏನೂ ಆಗಿಲ್ಲವೆಂದು ಸಾಧಿಸಬಹುದಲ್ಲ. ಬಟ್ಟೆ ಹಾಳು ಮಾಡಿದ ದರ್ಜಿ, ಇಲ್ಲಿ ಕೊಡಿ ಸರಿ ಮಾಡುತ್ತೇನೆಂದು ಒಳಗೆ ಕೊಂಡೊಯ್ಯುವುದನ್ನು ನಾನೂ ನೋಡಿದ್ದೇನೆ. ನನ್ನ ಕಿವಿಗೆ ಹೂವಿಡಬೇಡ.

ಇವರ ಸುದ್ದಿ ಹೇಳುತ್ತೇನೆ, ಕೇಳಿಸಿಕೋ. ನಡೆಯುವಾಗ ಬಲಭುಜ ಬಾಗಿಲಿಗೆ ಬಡಿಯುತ್ತದೆ. ಚೊಂಬಿನಿಂದ ನೀರು ಬಗ್ಗಿಸಿದರೆ ಲೋಟದ ಆಚೆ ಬೀಳುತ್ತದೆ. ನೆಲ ಒರೆಸಲು ನಾನು ಹೋದರೆ, "ಬಿಡು, ನಾನೇ ಒರೆಸ್ತೀನಿ" ಎಂದು ಬಟ್ಟೆ ಕಿತ್ತುಕೊಳ್ಳುತ್ತಾರೆ, ಒದ್ದೆ ಇಲ್ಲದ ಜಾಗ ಒರೆಸುತ್ತಾರೆ. ನಾನು ನೋಡಿಯೂ ನೋಡದವಳಂತೆ ಇರಬೇಕು. ನಿನ್ನ ಹೆಸರು ಎತ್ತಿದರೆ ಮಾತ್ರ ಎದ್ದು ಹೊರಗೆ ಹೋಗುತ್ತಾರೆ. ಒಡಹುಟ್ಟಿದವನ ಹೆಸರು ಕೇಳಲಾರದಷ್ಟು ನೊಂದಿದ್ದಾರೆ.

ನೇರವಾಗಿ ಕೇಳುತ್ತೇನೆ. ಸರಿಯಿದೆ ಅಂದೆಯೋ, ಇಲ್ಲವೋ? ಹೌದು, ಇಲ್ಲ, ಎರಡರಲ್ಲಿ ಒಂದು ಬರೆ. ಮುಂದಿನ ಭಾನುವಾರದ ಮುಂದಿನ ಭಾನುವಾರ ಬೆಳಿಗ್ಗೆ ವೈಂಡಿಂಗಿನವನು ಬರುತ್ತಾನೆ.

ಅತ್ತಿಗೆ


ಜನವರಿ 31

ಅತ್ತಿಗೆಗೆ,

ಹೌದು, ಇಲ್ಲ, ಎರಡನ್ನೂ ಬರೆಯುವುದಿಲ್ಲ. ನಿಮ್ಮ ಮುಂದೆ ಕೈ ಕಟ್ಟಿ ನಿಂತು ಹೇಳಿಕೆ ಕೊಡಲು ನಾನು ಕಟಕಟೆ ಹತ್ತಿಲ್ಲ.

ನೀವು ಹಟ ಬಿಡುವವರಲ್ಲ ಎಂದು ಗೊತ್ತು. ಹಾಕಲೇಬೇಕೆಂದಿದ್ದರೆ ಹೀಗೆ ಹಾಕಿ. ಇದನ್ನು ವೈಂಡಿಂಗಿನವನಿಗೆ ಓದಿ ಹೇಳಿ.

ಪೆಟ್ಟಿಗೆಗೆ ಹೋಗುವ ಎರಡು ತಂತಿಗಳಲ್ಲಿ ಒಂದನ್ನು ನಡುವೆ ಕತ್ತರಿಸಿ, ಅಲ್ಲಿ ಒಂದು ಬಲ್ಬಿನ ಹೋಲ್ಡರು ಕೂರಿಸಬೇಕು. ಕರೆಂಟು ಬಲ್ಬನ್ನು ದಾಟಿಕೊಂಡೇ ಪೆಟ್ಟಿಗೆಗೆ ಹೋಗಬೇಕು, ಬೇರೆ ದಾರಿ ಇರಬಾರದು. ಇದಕ್ಕೆ ನಾವು ಸೀರೀಸ್ ಬೋರ್ಡ್ ಅನ್ನುತ್ತೇವೆ. ಅಣ್ಣನ ಕೋಣೆಯಲ್ಲಿ ಒಂದು ಇದೆ, ಮರದ ಹಲಗೆಗೆ ಹೋಲ್ಡರು ಬಡಿದದ್ದು. ಪೆಟ್ಟಿಗೆ ಒಳಗೆ ಸರಿಯಿದ್ದರೆ ಬಲ್ಬು ಒಮ್ಮೆ ಜಗ್ಗನೆ ಉರಿದು ಮಂಕಾಗಿ ನಿಲ್ಲುತ್ತದೆ. ಒಳಗೆ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿಯುತ್ತದೆ, ಪೆಟ್ಟಿಗೆಗೆ ಸಿಗಬೇಕಾದ ಬಲವನ್ನೆಲ್ಲ ತಾನೇ ತಿಂದುಬಿಡುತ್ತದೆ. ಏನೂ ಸಿಡಿಯುವುದಿಲ್ಲ. ಪ್ಲಗ್ಗು ಕಿತ್ತರೆ ಮುಗಿಯಿತು. ಸರಿಯಿದ್ದರೂ ಆ ಕಡಿಮೆ ವೋಲ್ಟೇಜಿನಲ್ಲೇ ತುಂಬಾ ಹೊತ್ತು ಬಿಡಬೇಕು, ಸೋತ ಕೆಪಾಸಿಟರು ನಿಧಾನಕ್ಕೆ ಚೇತರಿಸಿಕೊಳ್ಳುತ್ತದೆ. ಪ್ಲಗ್ಗು ಕಿತ್ತ ಮೇಲೂ ಒಳಗೆ ಕೈ ಹಾಕಬೇಡಿ, ಕೆಪಾಸಿಟರಿನಲ್ಲಿ ಕರೆಂಟು ಉಳಿದಿರುತ್ತದೆ.

ಈಗಿನ ಎಲ್‌ಇಡಿ ಬಲ್ಬು ನಡೆಯುವುದಿಲ್ಲ. ಒಳಗೆ ತಂತಿ ಇರುವ, ಮುಟ್ಟಿದರೆ ಕೈ ಸುಡುವ ಹಳೇ ನೂರು ವ್ಯಾಟಿನ ಬಲ್ಬೇ ಬೇಕು. ಅದನ್ನು ನಾನೇ ಪಾರ್ಸೆಲ್ ಮಾಡುತ್ತೇನೆ. ನೀವು ಮನೆಯಲ್ಲಿ, ಅಂಗಡಿಯಲ್ಲಿ ಎಲ್ಲೂ ಹುಡುಕಲು ಹೋಗಬೇಡಿ. ಬಲ್ಬು ನನ್ನಿಂದಲೇ ಬರಲಿ.

ನಿಮ್ಮ ಮೈದುನ


ಫೆಬ್ರುವರಿ 9

ಮೈದುನನಿಗೆ,

ಓದುತ್ತಾ ಓದುತ್ತಾ ನಿನ್ನ ಬುದ್ಧಿಗೆ ತಲೆದೂಗಿದೆ. ಮೆಲ್ಲಗೆ ಹಾಕಬೇಕಂತೆ, ಮಂಕಾಗಿ ಹಾಕಬೇಕಂತೆ, ಏನೂ ಸಿಡಿಯುವುದಿಲ್ಲವಂತೆ. ಹೌದಪ್ಪ, ಏನೂ ಸಿಡಿಯದಿದ್ದರೆ ನಿನ್ನ ತಪ್ಪೂ ಹೊರಗೆ ಬೀಳುವುದಿಲ್ಲ. ನಿಮ್ಮಣ್ಣನಿಗೆ ಇಷ್ಟು ಉಪಚಾರ ಹೇಳಿಕೊಟ್ಟಿದ್ದೆಯಾ? ಆ ದಿನ ಎಲ್ಲಿತ್ತು ಈ ಪಾಠ?

ನನ್ನ ದುರದೃಷ್ಟ, ವೈಂಡಿಂಗಿನವನೂ ನಿನ್ನ ಕಡೆಯವನೇ ಆದ. ಕಾಗದ ಓದಿ ಹೇಳಿದೆ. "ಅಕ್ಕಾ, ಇದು ಸರಿಯಾಗೇ ಇದೆ. ಬಲ್ಬಿಲ್ದೆ ನಾನು ಕೈ ಹಾಕಲ್ಲ, ನೀವೂ ಹಾಕ್ಬೇಡಿ. ನನಗೂ ಹೆಂಡ್ತಿ ಮಕ್ಳಿದಾರೆ" ಎಂದು ಹೋಗಿಯೇಬಿಟ್ಟ. ಭಾನುವಾರ ಹಾಗೇ ಕಳೆಯಿತು.

ಆಗಲಿ, ಬಲ್ಬಿನಲ್ಲೇ ಹಾಕೋಣ. ಪೂರ್ತಿ ಉರಿದರೆ ಪೆಟ್ಟಿಗೆ ಕೆಟ್ಟದ್ದು ಎಂದು ನೀನೇ ಬರೆದುಕೊಟ್ಟಿದ್ದೀಯ. ನನಗೆ ಅಷ್ಟು ಸಾಕು. ಆದರೆ ನಿನ್ನ ಬಲ್ಬು ಯಾಕೆ? 'ಬಲ್ಬು ನನ್ನಿಂದಲೇ ಬರಲಿ' ಎಂಬ ಮಾತು ನನಗೆ ಗಂಟಲಲ್ಲಿ ಇಳಿಯುತ್ತಿಲ್ಲ. ಏನು ಮಾಡಿ ಕಳಿಸುತ್ತೀಯ ಅದಕ್ಕೆ? ಇಲ್ಲೇ ಕೊಳ್ಳೋಣವೆಂದು ಇಡೀ ಪೇಟೆ ಬೀದಿ ಸುತ್ತಿದೆ. ಎಲೆಕ್ಟ್ರಿಕಲ್ ಅಂಗಡಿಯವನು ನಗುತ್ತಾ, "ಅಮ್ಮಾ, ಅದು ತಯಾರಾಗೋದೇ ನಿಂತು ಎಷ್ಟೋ ಕಾಲ ಆಯ್ತು. ನಿಮ್ಮ ಮನೇಲಿ ಸಿಕ್ಕಿದ್ರೆ ನನಗೇ ತಂದುಕೊಡಿ" ಎಂದ.

ಗತಿಯಿಲ್ಲ, ಕಳಿಸು. ವೈಂಡಿಂಗಿನವನ ಕೈಲಿ ಪರೀಕ್ಷೆ ಮಾಡಿಸಿಯೇ ಹಾಕಿಸುತ್ತೇನೆ.

ಅತ್ತಿಗೆ


ಫೆಬ್ರುವರಿ 14

ಅತ್ತಿಗೆಗೆ,

ಎರಡು ಬಲ್ಬು ಇಟ್ಟಿದ್ದೇನೆ. ನಾನು ಕೆಲಸ ಮಾಡುವ ಸಭಾಂಗಣದ ಉಗ್ರಾಣದಲ್ಲಿ ಉಳಿದಿದ್ದವು ಇವೇ. ಇದಕ್ಕಾಗಿ ಉಗ್ರಾಣದವನ ಹತ್ತಿರ ಹಲ್ಲು ಗಿಂಜಿದ್ದೇನೆ. ಮಾಟ ಮಾಡಿಸಿಲ್ಲ, ನಿಶ್ಚಿಂತೆಯಿಂದಿರಿ.

ನಿಮ್ಮ ಮೈದುನ


ಫೆಬ್ರುವರಿ 21

ಮೈದುನನಿಗೆ,

ಪಾರ್ಸೆಲ್ಲು ಬಂತು. ಅಲ್ಲಾಡಿಸಿದರೆ ಗಿಲಕಿ ಸದ್ದು. ಬಿಚ್ಚಿದರೆ ಗಾಜಿನ ಪುಡಿ, ಎರಡು ತಗಡಿನ ಬುಡ. ನಡುವೆ ಒಂದು ಹಾಳೆ ದಿನಪತ್ರಿಕೆ. ಗಾಜನ್ನು ಒಂದೇ ಹಾಳೆಯಲ್ಲಿ ಸುತ್ತಿ ಕಳಿಸುವವನು ಅದು ಮುಟ್ಟಲಿ ಎಂದು ಕಳಿಸುವುದಿಲ್ಲ. ಚೂರು ಆರಿಸುವಾಗ ಹೆಬ್ಬೆರಳು ಕುಯ್ದುಕೊಂಡೆ. ಬಿಳಿ ಅಂಗಿಗೆ ರಕ್ತ ಹತ್ತಿ, ಗಿರಾಕಿಯ ಹತ್ತಿರವೂ ಮಾತು ಕೇಳಿದೆ. ನಿನ್ನಿಂದ ಈ ಮನೆಗೆ ಬಂದದ್ದೆಲ್ಲ ಇಂಥದ್ದೇ.

ಇನ್ನು ನಿನ್ನ ಉಪಕಾರ ಸಾಕು.

ಅತ್ತಿಗೆ


ಫೆಬ್ರುವರಿ 27

ಅತ್ತಿಗೆಗೆ,

ಬೇಕೆಂದು ಒಡೆದು ಕಳಿಸಿದೆ ಎನ್ನುತ್ತೀರಾ? ಸರಿ. ಕಣ್ಣು ಕಿತ್ತವನು ನಾನು, ಬಲ್ಬು ಒಡೆದವನು ನಾನು, ನಿಮ್ಮ ಹೆಬ್ಬೆರಳು ಕುಯ್ದವನೂ ನಾನು. ನಾಳೆ ನಿಮ್ಮ ಮೆಷಿನ್ನಿನ ಬೆಲ್ಟು ಹರಿದರೂ ನನಗೆ ಬರೆಯಿರಿ, ಒಪ್ಪಿಕೊಳ್ಳುತ್ತೇನೆ.

ನನಗೂ ಸಾಕಾಗಿದೆ ಅತ್ತಿಗೆ. ಎಷ್ಟು ದಿನವೆಂದು ಬಾಯಿಗೆ ಬೀಗ ಹಾಕಿಕೊಂಡು ನಿಮ್ಮ ಕಾಗದ ಓದಲಿ? ನನ್ನ ಹೆಂಡತಿ ನಿಮ್ಮ ಒಂದು ಕಾಗದ ನೋಡಿ, "ಇಷ್ಟು ಮಾತು ಕೇಳಿಸಿಕೊಂಡೂ ಸುಮ್ನಿದ್ದೀರಲ್ಲ, ನೀವೇ ಮಾಡಿದ್ದಾ ಹಾಗಾದ್ರೆ?" ಎಂದು ಕೇಳಿದಳು. ಅವಳಿಗೂ ಉತ್ತರ ಕೊಡಲಿಲ್ಲ. ಅಣ್ಣ ಇಪ್ಪತ್ತು ವರ್ಷದಿಂದ ಒಂದು ಸಣ್ಣ ರೇಡಿಯೊಗೂ ಬಲ್ಬಿಲ್ಲದೆ ಕರೆಂಟು ಕೊಟ್ಟವನಲ್ಲ. ನನಗೆ ಆ ಕೆಲಸ ಕಲಿಸಿದವನೇ ಅವನು. ಯಾರೋ ಸರಿಯಿದೆ ಅಂದರೆಂದು ಅವನು ಹಾಗೇ ಹಾಕುತ್ತಾನೆಯೇ? ಆ ಹಲಗೆಯ ಹೋಲ್ಡರಿನಲ್ಲಿ ಯಾವಾಗಲೂ ಒಂದು ನೂರು ವ್ಯಾಟಿನ ಬಲ್ಬು ಇರುತ್ತಿತ್ತು. ಆ ದಿನವೂ ಅದು ಅಲ್ಲೇ ಇದ್ದಿದ್ದರೆ ನಾವಿಬ್ಬರೂ ಹೀಗೆ ಕಚ್ಚಾಡುತ್ತಿರಲಿಲ್ಲ.

ಇರಲಿ ಬಿಡಿ. ಸಿಟ್ಟಿನಲ್ಲಿ ಏನೋ ಬರೆದೆ. ಇನ್ನೊಂದು ಹಾಳೆ ತೆಗೆದುಕೊಂಡು ಮತ್ತೆ ಬರೆಯುವ ತಾಳ್ಮೆ ನನಗಿಲ್ಲ, ಅಂಚೆಗೆ ಹೊತ್ತಾಗಿದೆ. ಬಲ್ಬು ಬೇರೆ ಕಡೆ ಹುಡುಕಿ ನಾನೇ ತರುತ್ತೇನೆ. ಅಲ್ಲಿಯವರೆಗೆ ಪೆಟ್ಟಿಗೆ ಮುಟ್ಟಬೇಡಿ.

ನಿಮ್ಮ ಮೈದುನ


ಮಾರ್ಚ್ 8

ಸಣ್ಣ,

ನಿನ್ನ ಕಾಗದ ಬಂದಾಗ ಅಂಗಡಿಯಲ್ಲಿ ಕರೀ ಕೋಟಿಗೆ ಕಾಜ ಹೊಲಿಯುತ್ತಿದ್ದೆ. 'ಆ ದಿನವೂ ಅದು ಅಲ್ಲೇ ಇದ್ದಿದ್ದರೆ' ಎಂಬಲ್ಲಿಗೆ ಬಂದು, ಮತ್ತೆ ಓದಿ, ಅಲ್ಲಿ ಇರದೆ ಎಲ್ಲಿಗೆ ಹೋಯಿತು, ಯಾರು ತೆಗೆದರು ಎಂದು ಗಟ್ಟಿಯಾಗಿಯೇ ಅಂದುಕೊಂಡೆ. ನಿನ್ನನ್ನು ಬೈಯಲು ಹೊಸ ಮಾತು ಸಿಕ್ಕಿತೆಂದು ಖುಷಿಯೂ ಆಯಿತು, ಸುಳ್ಳು ಯಾಕೆ ಹೇಳಲಿ. ಕಾಗದವನ್ನು ಬೆಳಕಿಗೆ ಹಿಡಿಯಲು ತಲೆ ಎತ್ತಿದೆ. ಬಲ್ಬು ನನ್ನ ಮೆಷಿನ್ನಿನ ಮೇಲೆ ಉರಿಯುತ್ತಿತ್ತು.

ನನಗೆ ಎಲ್ಲ ನೆನಪಾಯಿತು. ಬ್ಯಾಂಡಿನವರ ಕರೀ ಕೋಟುಗಳನ್ನು ಅವತ್ತು ಸಂಜೆಯೊಳಗೆ ಕೊಡಬೇಕಿತ್ತು. ಮೆಷಿನ್ನಿನ ಮೇಲಿನ ಬಲ್ಬು ಹೋಗಿತ್ತು, ಟ್ಯೂಬಿನ ಬಿಳೀ ಬೆಳಕಿನಲ್ಲಿ ಕರೀ ಬಟ್ಟೆಯ ಮೇಲೆ ಕರೀ ದಾರ ಕಾಣುವುದಿಲ್ಲ. ಹಿತ್ತಲಿಗೆ ಹೋದೆ. ನಿಮ್ಮಣ್ಣ ಸ್ನಾನಕ್ಕೆ ಹೋಗಿದ್ದರು. ಹಲಗೆಯ ಮೇಲೆ ಸುಮ್ಮನೆ ಒಂದು ಬಲ್ಬು ಕೂತಿತ್ತು. ತಿರುಗಿಸಿ ತಂದೆ. ಸಂಜೆ ವಾಪಸು ಇಟ್ಟರಾಯಿತು ಎಂದುಕೊಂಡೆ. ಸಂಜೆ ನಾನು ಆಸ್ಪತ್ರೆಯಲ್ಲಿದ್ದೆ. ಆಮೇಲೆ ಅದು ಎಲ್ಲಿಂದ ಬಂತೆಂಬುದೇ ಮರೆತುಹೋಯಿತು. ಪೇಟೆಯೆಲ್ಲ ಸುತ್ತಿ ಹುಡುಕಿದವಳಿಗೆ ತಲೆಯ ಮೇಲೇ ಉರಿಯುವುದು ಕಣ್ಣಿಗೆ ಬೀಳಲಿಲ್ಲ, ನಿನಗೆ ಬರೆದ ಕಾಗದಗಳನ್ನೆಲ್ಲ ಅದರ ಬೆಳಕಿನಲ್ಲೇ ಬರೆದೆ.

ಅಂಗಡಿ ತೆರೆದದ್ದು ತೆರೆದ ಹಾಗೇ ಬಿಟ್ಟು ಮನೆಗೆ ಹೋದೆ. ಬಲ್ಬನ್ನು ಸೆರಗಿನಲ್ಲಿ ಹಿಡಿದುಕೊಂಡೇ ಹೋದೆ, ಇನ್ನೂ ಬಿಸಿಯಿತ್ತು. ಬೆಂಚಿನ ಮೇಲೆ ಕೂತಿದ್ದವರ ಎದುರು ಹಿಡಿದೆ. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು.

"ಸಣ್ಣ ಬಾಯಿ ಬಿಟ್ನಾ?"

"ಇಲ್ಲ. ನೀವು ಬಿಡಿ ಈಗ."

ಬಿಟ್ಟರು. ಹಲಗೆ ಖಾಲಿ ಇದ್ದದ್ದು ನೋಡಿ ಅವತ್ತು ನನ್ನ ಅಂಗಡಿಯವರೆಗೆ ಬಂದಿದ್ದರಂತೆ. ಬಾಗಿಲಲ್ಲಿ ನಿಂತು ಒಳಗೆ ನೋಡಿದರಂತೆ. ನನ್ನ ಬಾಯಿ ತುಂಬಾ ಗುಂಡುಪಿನ್ನು, ತೊಡೆಯ ಮೇಲೆ ಕರೀ ಬಟ್ಟೆ. "ನಿಂಗೆ ಬೆಳಕು ಬೇಕಿತ್ತಲ್ಲ" ಎಂದರು. ಅಷ್ಟಕ್ಕೆ ಹಿಂದಿರುಗಿದರಂತೆ. ನಿನಗೆ ಫೋನು ಮಾಡಿ, ಬಲ್ಬು ಅವಳ ಮೆಷಿನ್ ಮೇಲಿದೆ, ಹಾಗೇ ಹಾಕಿ ನೋಡಲಾ ಎಂದು ಕೇಳಿದರಂತೆ. "ಬೇಡ ಅಣ್ಣ, ಮುಟ್ಬೇಡ, ನಾಳೆ ನೋಡ್ಕೊಂಡ್ರಾಯ್ತು" ಎಂದು ನೀನು ಹೇಳಿದೆಯಂತೆ. ಇವರಿಗೆ ನಾಳೆಯವರೆಗೆ ತಡೆಯಲಾಗಲಿಲ್ಲ. ಸಿನೆಮಾ ಮಂದಿರದ ಸದ್ದು ಮನೆಯಲ್ಲಿ ಕೇಳುವ ಆಸೆ.

ಆಸ್ಪತ್ರೆಯಲ್ಲಿ ನಾನು ಬಾಗಿಲಲ್ಲಿ ನಿನ್ನನ್ನು ತಡೆದ ದಿನವೇ ನಿನಗೆ ಫೋನು ಮಾಡಿ, ಅವಳಿಗೆ ಹೇಳಬೇಡ, ಹೇಳಿದರೆ ಅವಳು ಇನ್ನು ಮೆಷಿನ್ ಮುಂದೆ ಕೂರುವುದಿಲ್ಲ ಎಂದು ಮಾತು ತೆಗೆದುಕೊಂಡರಂತೆ. ತಮ್ಮನಾದರೆ ತಡೆದುಕೊಳ್ಳುತ್ತಾನೆ ಎಂದು ಲೆಕ್ಕ ಹಾಕಿ ತಪ್ಪನ್ನು ನಿನ್ನ ತಲೆಗೆ ಕಟ್ಟಿದರಂತೆ. ನಿನ್ನ ಹೆಸರೆತ್ತಿದಾಗ ಹೊರಗೆ ಎದ್ದು ಹೋಗುತ್ತಿದ್ದದ್ದು ಅದಕ್ಕೆ.

ಏನಂದುಕೊಂಡಿದ್ದೀರಿ ನೀವಿಬ್ಬರೂ ನನ್ನನ್ನು? ಒಂದೇ ಹಾಳೆ ಕಾಗದದಲ್ಲಿ ಸುತ್ತಿ ಕಳಿಸಿದ ನಿನ್ನ ಬಲ್ಬು ಅಂದುಕೊಂಡಿರಾ, ಪುಡಿಯಾಗಿಬಿಡುತ್ತೇನೆಂದು? ನೀನು ಮೊದಲ ಕಾಗದದಲ್ಲೇ ಬರೆದಿದ್ದರೆ ಒಂದು ದಿನ ಅಳುತ್ತಿದ್ದೆ, ಇಲ್ಲ ಒಂದು ತಿಂಗಳು ಅಳುತ್ತಿದ್ದೆ. ನಿನಗೆ ಅಂಥ ಮಾತುಗಳನ್ನು ಬರೆದವಳು ಎಂಬ ಕರ್ಮ ಮಾತ್ರ ನನಗೆ ಅಂಟುತ್ತಿರಲಿಲ್ಲ. ಈಗ ಅವನ್ನು ವಾಪಸು ತೆಗೆದುಕೊಳ್ಳುವುದು ಹೇಗೆ? ಹೊಲಿಗೆಯಾದರೆ ಬಿಚ್ಚಬಹುದಿತ್ತು. ನಿನ್ನ ಮೇಲಿದ್ದ ಸಿಟ್ಟು ಕಡಿಮೆಯಾಗಿಲ್ಲ, ಹೇಳಿಬಿಟ್ಟಿದ್ದೇನೆ. ಬೇರೆ ಕಾರಣಕ್ಕೆ ಜಾಸ್ತಿಯಾಗಿದೆ.

ಆಮೇಲೆ ನಾನೊಂದು ಹಟ ಹಿಡಿದೆ. ಬಲ್ಬು ಇದ್ದಿದ್ದರೆ ಅವತ್ತು ಏನಾಗುತ್ತಿತ್ತು, ನನಗೆ ತೋರಿಸಿ ಎಂದೆ. "ಬೇಡ, ನೋಡಿ ಏನ್ಮಾಡ್ತೀಯ" ಎಂದರು. ನಾನೇ ಮೊಳೆಯಿಂದ ಬೀಗದ ಕೈ ತೆಗೆದು ಹಿತ್ತಲಿಗೆ ನಡೆದೆ. ಒಬ್ಬಳನ್ನೇ ಬಿಡಲು ಹೆದರಿ ಹಿಂದೆಯೇ ಬಂದರು. ಕೋಣೆಯೊಳಗೆ ಬಂದದ್ದು ತಮಗೇ ತಿಳಿಯಲಿಲ್ಲವೇನೋ, ನೇರವಾಗಿ ಸ್ಟೂಲು ಎಳೆದು ಕೂತರು. ಜೋಡಿಯನ್ನಲ್ಲ, ಸಿಡಿದದ್ದನ್ನೇ ಹಲಗೆಗೆ ಸೇರಿಸಿದರು. ಬಲ್ಬು ಹಾಕುವಾಗ ಹೋಲ್ಡರಿನ ಬಾಯಿ ಕೈಗೆ ಸಿಗದೆ ತಡಕಿದರು, ನಾನು ಮಣಿಕಟ್ಟು ಹಿಡಿದು ತೋರಿಸಿದೆ. ಸ್ವಿಚ್ಚು ಒತ್ತಿ ನನ್ನನ್ನು ಹಿಂದಕ್ಕೆ ತಳ್ಳಿದರು.

ಬಲ್ಬು ಒಮ್ಮೆ ಮಿನುಗಿ ಮಂಕಾಯಿತು. ಪೆಟ್ಟಿಗೆಯ ಗಾಜಿನ ವಾಲ್ವುಗಳು ಕಾದಂತೆ ಅದರ ಬೆಳಕು ನಿಧಾನಕ್ಕೆ ಏರಿತು. ಏರಿ ಏರಿ ಪೂರ್ತಿ ಉರಿಯುತ್ತಾ ನಿಂತಿತು. ಸದ್ದಿಲ್ಲ, ಹೊಗೆಯಿಲ್ಲ. ಕೋಣೆಯ ತುಂಬಾ ನನ್ನ ಅಂಗಡಿಯ ಹಳದಿ ಬೆಳಕು.

"ಆಮೇಲೆ?" ಎಂದೆ.

"ಆಮೇಲೇನು, ಪ್ಲಗ್ ಕೀಳ್ತಿದ್ದೆ."

"ಇಷ್ಟೇನಾ?"

"ಇಷ್ಟೇ."

ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ ಸಣ್ಣ. ಇವರು ಪ್ಲಗ್ಗು ಕಿತ್ತು ನನ್ನ ಪಕ್ಕ ಬಂದು ಕೂತರು. "ನಾಳೆ ನೋಡ್ಕೋ ಅಂದಿದ್ದ ಸಣ್ಣ. ಕೇಳ್ದೇ ಇದ್ದೋನು ನಾನು ತಾನೇ" ಎಂದರು. ಅದು ನಿಜವೇ. ಆದರೂ ಬಲ್ಬು ನನ್ನ ಕೈಯಲ್ಲಿ ಬಂದದ್ದು.

ಮರುದಿನ ಬೆಳಿಗ್ಗೆ ಕೋಣೆಯ ಬೀಗದ ಕೈ ಮೊಳೆಯಲ್ಲಿರಲಿಲ್ಲ. ಹೋಗಿ ನೋಡಿದರೆ ಜೋಡಿಯನ್ನು ಹಲಗೆಗೆ ಸೇರಿಸಿಕೊಂಡು ಕೂತಿದ್ದರು. ಬಲ್ಬು ಜಗ್ಗನೆ ಉರಿದು ಅರ್ಧಕ್ಕೆ ಇಳಿದು ನಿಂತಿತು. ಮಧ್ಯಾಹ್ನದ ಊಟದ ತಟ್ಟೆ ಅಲ್ಲಿಗೇ ತರಿಸಿಕೊಂಡರು. ನೀನು ಕಳಿಸಿದ್ದು ಕೊಳೆತ ಸರಕಲ್ಲ ಎಂದು ಬರೆದುಕೊಡುತ್ತಿದ್ದೇನೆ, ಇಟ್ಟುಕೋ.

ನಿನಗೆ ಹೇಳಬೇಕಾದ ಒಂದು ಮಾತು ಇದೆ. ಅದನ್ನು ಕಾಗದದಲ್ಲಿ ಬರೆದು ತೀರಿಸಿಕೊಳ್ಳುವ ಇಷ್ಟವಿಲ್ಲ. ಹೆಂಡತಿಯನ್ನೂ ಕರೆದುಕೊಂಡು ಬಾ, ಅವಳ ಎದುರಿಗೇ ಹೇಳುತ್ತೇನೆ. ಮೊದಲು ಇಬ್ಬರನ್ನೂ ಕೂರಿಸಿ ಬೈಯುತ್ತೇನೆ, ಅದಕ್ಕೆ ತಯಾರಾಗಿ ಬಾ. ಬರುವಾಗ ಬಲ್ಬು ತರುವುದಾದರೆ ಬಟ್ಟೆಯಲ್ಲಿ ಸುತ್ತು, ಪತ್ರಿಕೆಯಲ್ಲಲ್ಲ.

ಆ ಬಲ್ಬು ಈಗ ಹಲಗೆಯ ಮೇಲೇ ಇದೆ. ಕರೀ ಬಟ್ಟೆ ಬಂದರೆ ನಾನು ಹಗಲಿನಲ್ಲಿ ಅಂಗಡಿಯ ಬಾಗಿಲ ಬಳಿ ಕೂತು ಹೊಲಿಯುತ್ತೇನೆ. ಮೂರು ದಿನ ಮೆಷಿನ್ನು ಮುಟ್ಟಲಾಗಲಿಲ್ಲ. ನಿಮ್ಮಣ್ಣ ಹೆದರಿದ್ದು ಸುಳ್ಳಾಗಲಿಲ್ಲ. ನಾಲ್ಕನೆಯ ದಿನ ಅವರೇ ನನ್ನನ್ನು ಅಂಗಡಿಗೆ ಕರೆದುಕೊಂಡು ಬಂದು ಸ್ಟೂಲಿನ ಮೇಲೆ ಕೂರಿಸಿದರು. ಸೂಜಿಗೆ ದಾರ ತಾವೇ ಪೋಣಿಸಿ ಕೊಡುತ್ತಾರಂತೆ, ಹಟ. ಒಂದೇ ಕಣ್ಣಿಗೆ ಹತ್ತಿರ ದೂರ ತಿಳಿಯುವುದಿಲ್ಲ, ದಾರ ತೂತಿನ ಪಕ್ಕಕ್ಕೆ ಹೋಗುತ್ತದೆ. ಮತ್ತೆ ತುದಿ ನೆಕ್ಕುತ್ತಾರೆ, ಮತ್ತೆ ಹೋಗುತ್ತದೆ. ಗಿರಾಕಿಗಳು ನಿಂತಿರುತ್ತಾರೆ. ನಾನು ಕೈ ಚಾಚುವುದಿಲ್ಲ, ಅದು ತೂರುವವರೆಗೆ ಸುಮ್ಮನೆ ಕೂತಿರುತ್ತೇನೆ.

ಅತ್ತಿಗೆ